ಸರ್ದಾರಾಂಳ ಮನೆ ಮೇಲೆ ಬಿದ್ದದ್ದು

“ಪಂಪ್ ಮುಟ್ಟಬ್ಯಾಡಲೇ ಚೂಹ್ಡಿ, ದೂರ ನಿಂತು ಬೊಗಸಿ ಒಡ್ಡು,” ಅಂತ ಚೌಧರಿ ಇನಾಯತ್ ಗದರುತ್ತಿದ್ದ. ಸರ್ದಾರಾಂ ಸಗಣಿ ಕೈ ಒರೆಸಿಕೊಂಡು ಬೊಗಸೆ ಒಡ್ಡಿ ನಿಂತಿದ್ದಳು, ಅವಳ ಹಿಂದೆ ನಾನು. ಕಸ ಬಳಿಯುವ ನಮ್ಮಂಥವರಿಗೆ ಊರಲ್ಲಿ ಚೂಹ್ಡಿ ಅಂತಲೇ ಹೆಸರು. ನಮ್ಮಜ್ಜಂದಿರು ಯೇಸುವಿನ ಪಾದ ಹಿಡಿದು ಎಷ್ಟೋ ಕಾಲವಾಯಿತು. ಆ ಹೆಸರು ಮಾತ್ರ ನಮ್ಮ ಕಾಲು ಬಿಟ್ಟಿಲ್ಲ.

ಆಗಲೇ ಆಕಾಶ ಹಳೇ ಬಟ್ಟೆಯಂತೆ ಪರ್ರೆಂದು ಹರಿಯಿತು. ನೆಲ ಅದುರಿತು. ಎಮ್ಮೆಗಳು ಹಗ್ಗ ಕಿತ್ತುಕೊಂಡು ಗೋಧಿ ಹೊಲಕ್ಕೆ ಓಡಿದವು. ಚೌಧರಿ ಅವಕ್ಕಿಂತ ಮುಂದಿದ್ದ. ಹೊಗೆ ಎದ್ದದ್ದು ನಮ್ಮ ಕೇರಿಯಿಂದ.

ಸರ್ದಾರಾಂಳ ಮನೆ ಇದ್ದ ಜಾಗದಲ್ಲಿ ಮಣ್ಣಿನ ಗುಡ್ಡೆ. ಅದರಾಚೆ ಹೊಲದಲ್ಲಿ ತೊಲೆಯಷ್ಟು ಉದ್ದದ ಕಬ್ಬಿಣ ಸುಟ್ಟುಕೊಂಡು ಬಿದ್ದಿತ್ತು. ಮೇಕೆ ಸತ್ತಿತ್ತು. ಹೊರಗೆ ಬಿಸಿಲಿಗೆ ಮಲಗಿದ್ದ ಅವಳ ಅತ್ತೆಯ ಮೇಲೆ ಗೋಡೆ ಉರುಳಿ ಕಾಲು ಮುರಿದಿತ್ತು. ಯಾರು ಒಗೆದರು, ಯಾಕೆ ಒಗೆದರು ಅಂತ ಮುದುಕಿ ಎಲ್ಲರನ್ನೂ ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ರೇಡಿಯೋ ಹೇಳಿತು: ಗಡಿಯಾಚೆಯ ಸೈನ್ಯದವರು ರಿಪೇರಿ ಮಾಡುವಾಗ ಕ್ಷಿಪಣಿ ಕೈತಪ್ಪಿ ಹಾರಿತಂತೆ. ಪ್ರಾಣಹಾನಿ ಇಲ್ಲವಂತೆ. ಅವರು ವಿಷಾದಪಟ್ಟರಂತೆ. ವಿಷಾದ ಅಂದರೇನು ಅಂತ ಮುದುಕಿ ಕೇಳಿದ್ದಕ್ಕೆ ಸರ್ದಾರಾಂ ಅಂದಳು, “ಕಾಲಿಗೆ ಬೀಳದಂಗ ತಪ್ಪಾತು ಅನ್ನೋದು.”

ನೆಲ ಚೌಧರಿಯದು, ಹಾಗಾಗಿ ಬಿದ್ದ ಮನೆಯೂ ಅವನದೇ ಆಯಿತು. ಪರಿಹಾರ ತನಗೇ ಬರಲೆಂದು, ವಿಚಾರಣೆಗೆ ಬಂದ ಸರ್ಕಾರಿ ಸಾಹೇಬನ ಕೈಲಿ ಅದು ತನ್ನ ಹುಲ್ಲಿನ ಕೋಣೆ, ಒಳಗೆ ಯಾರೂ ಇರಲಿಲ್ಲ ಅಂತ ಬರೆಸಿದ. ಹೌದು ಅನ್ನದಿದ್ದರೆ ಊರು ಬಿಡಿಸುತ್ತೇನೆ ಅಂತ ಸರ್ದಾರಾಂಳ ಗಂಡ ಬರ್ಕತನಿಗೆ ಮೊದಲೇ ಹೇಳಿದ್ದ. ಬರ್ಕತ್ ಹೌದು ಅಂದ. ಸಂಸಾರ ಎಮ್ಮೆ ಕೊಟ್ಟಿಗೆ ಸೇರಿತು. ಕಾಲಿಗೆ ಬಿದಿರು ಕಟ್ಟಿಸಿಕೊಂಡ ಮುದುಕಿ ಗಂಜಲದಲ್ಲಿ ಮಲಗಿ, ಬಾಲದ ಏಟು ತಿನ್ನುತ್ತ ನರಳುತ್ತಿದ್ದಳು. ಸರ್ದಾರಾಂ ಒಂದು ಹಳೇ ಮಂಚ ಕೇಳಿದಳು.

“ಎಮ್ಮಿಗೇನು ಮಂಚ ಹಾಕೀನೇನಲೇ ನಾ?” ಅಂದ ಚೌಧರಿ.

ಒಂದು ದಿನ ಟೀವಿಯವರು ಬಂದರು. ಚೌಧರಿ ಗಂಜಿ ಹಾಕಿದ ಪೇಟ ಸುತ್ತಿ, ಸಾಹೇಬನನ್ನು ಪಕ್ಕಕ್ಕೆ ಕೂರಿಸಿಕೊಂಡು ತನ್ನ ದೊಡ್ಡಮನೆ ಹವೇಲಿಯ ಅಂಗಳದಲ್ಲಿ ಮಾತಿಗಿಳಿದ. ತಾನು ಕೂದಲೆಳೆಯಲ್ಲಿ ಉಳಿದದ್ದನ್ನು ಹೇಳಿದ, ಎದೆ ಮುಟ್ಟಿಕೊಂಡ. ನಾವು ಪೊರಕೆ ಹಿಡಿದು ಮೂಲೆಯಲ್ಲಿ ನಿಂತಿದ್ದೆವು.

“ನನ್ನ ಆಳುಗಳು ನನ್ನ ಮಕ್ಕಳಿದ್ದಂಗ,” ಅಂದ. “ಈ ಹವೇಲಿ ಬಾಗಲಾ ಅವರಿಗೆ ಯಾವತ್ತೂ ತೆರದ ಐತಿ.”

ಸರ್ದಾರಾಂ ನನ್ನ ಕಡೆ ತಿರುಗಿದಳು. “ಕೇಳಿದೇನು?”

“ಕೇಳಿದೆ ಯಕ್ಕಾ.”

“ಹಂಗಾರ ನಡಿ. ಮುದುಕೀ ಕಾಲಕಡೆ ನೀ ಹಿಡಿ.”

ಕೊಟ್ಟಿಗೆಯಿಂದ ಕೌದಿ ಸಮೇತ ಮುದುಕಿಯನ್ನು ಎತ್ತಿಕೊಂಡು ಅಂಗಳದ ನಟ್ಟನಡುವೆ ಬಂದೆವು. ಕ್ಯಾಮೆರಾಗಳು ನಮ್ಮ ಕಡೆ ತಿರುಗಿದವು. ಬರ್ಕತ್ ಒಂದು ಗಳಿಗೆ ಬಾಯಿ ಬಿಟ್ಟು ನಿಂತವನು ಅಡುಗೆ ಪಾತ್ರೆ ಹೊತ್ತುಕೊಂಡು ಹಿಂದೆ ಬಂದ. ಚೌಧರಿ ನಗುಮುಖದಲ್ಲೇ ಬಾಗಿಲಿಗೆ ಬಂದು, ಹಲ್ಲಿನ ಸಂದಿಯಲ್ಲಿ ಅಂದ, “ಸೂಳಿ, ಹೊಸ್ತಿಲಾ ದಾಟಿದ್ರ ಕಡಿದು ಹಾಕ್ತೀನಿ.”

ಸರ್ದಾರಾಂ ಎಲ್ಲರಿಗೂ ಕೇಳುವಂತೆ ಉತ್ತರ ಕೊಟ್ಟಳು. “ದೇವ್ರು ನಿಮ್ಮನ್ನ ತಣ್ಣಗಿಡ್ಲಿ ಚೌಧರಿ. ಮನಿ ಬಿದ್ದಾಗಿಂದ ಎಮ್ಮಿ ಜೋಡಿ ಬಿದ್ದಿದ್ವಿ. ಇವತ್ತರ ಬಾಗಲಾ ತೆರದ್ರಿ.”

ಯಾವ ಮನೆ, ಅದು ಹುಲ್ಲಿನ ಕೋಣೆ ಅಲ್ಲವೇ ಅಂತ ಟೀವಿಯ ಹುಡುಗಿ ಕೇಳಿದಳು.

ಸರ್ದಾರಾಂ ಕೌದಿ ಸರಿಸಿ ಬಾತಿದ್ದ ಕಾಲು ತೋರಿಸಿದಳು. “ಹುಲ್ಲಿಗೆ ಕಾಲು ಮುರೀತದೇನವ್ವಾ?”

ಸಾಹೇಬ ತನ್ನ ಬೂಟು ನೋಡಿಕೊಂಡ. ನಾವು ಒಳಗೆ ಹೋದೆವು.

ಅತಿಥಿಗಳ ಕೋಣೆಯಲ್ಲಿ ಬಿಳೀ ಹಾಸಿನ ಮಂಚವಿತ್ತು. ಮಲಗಿಸಿದ ಮೇಲೆ ಮುದುಕಿ ಹಾಸಿಗೆ ಸವರಿ ನೋಡಿ, ಇಲ್ಲಿ ಯಾರು ಸತ್ತಾರ ಅಂತ ಪಿಸುಗುಟ್ಟಿದಳು. ನಮಗೆ ನಗು ತಡೆಯಲಾಗಲಿಲ್ಲ. ಬರ್ಕತ್ ಕೂಡ ನಕ್ಕ.

ಸಂಜೆ ಸಾಹೇಬನ ಜೀಪು ಹೊರಟಿತು. ಹಿಂದೆಯೇ ಟೀವಿಯವರ ಗಾಡಿಗಳು. ಅಂಗಳದಲ್ಲಿ ಚೌಧರಿ ತನ್ನ ಗಂಡುಮಕ್ಕಳ ಹೆಸರು ಹಿಡಿದು ಒಬ್ಬೊಬ್ಬರನ್ನೇ ಕೂಗತೊಡಗಿದ. ಸರ್ದಾರಾಂ ಚಿಲಕ ಹಾಕಿ, ಊಟದ ದೊಡ್ಡ ಮೇಜನ್ನು ದಬ್ಬಿ ಬಾಗಿಲಿಗೆ ಅಡ್ಡ ಇಟ್ಟಳು. ನಾನೂ ಬರ್ಕತನೂ ಅದರ ಮೇಲೆ ಹತ್ತಿ ಕೂತೆವು.