ಬಹೀಜಾಳ ಎರಡು ಗಂಟೆ

ಅಲೆಯ ಮೇಲೆ ನಿಲ್ಲಬೇಕೆಂದು ಬಹೀಜಾ ತೀರ್ಮಾನಿಸಿದಾಗ ಅವಳಿಗೆ ನಲವತ್ತನಾಲ್ಕು ವರ್ಷ. ಹೋದ ಜೂನ್ ತಿಂಗಳ ಮಾತು. ಆಗ ನಾವಿಬ್ಬರೂ ಕೆನಿತ್ರಾ ಪಟ್ಟಣದಲ್ಲಿ ಕಾರುಗಳಿಗೆ ತಂತಿ ಜೋಡಿಸುವ ಕಾರ್ಖಾನೆಯೊಂದರಲ್ಲಿ ಅಕ್ಕಪಕ್ಕ ನಿಂತು ಕೆಲಸ ಮಾಡುತ್ತಿದ್ದೆವು. ಅಲ್ಲಿ ದೊಡ್ಡ ಹಲಗೆಗಳು ಸಾಲಾಗಿ, ನಿಧಾನಕ್ಕೆ ಮುಂದೆ ಸರಿಯುತ್ತ ಇರುತ್ತವೆ. ಎದುರಿಗೆ ಬಂದ ಹಲಗೆಯ ಮೇಲೆ ಅವಳು ತಂತಿಗಳನ್ನು ಹಾಸಬೇಕು, ನಾನು ಅವಕ್ಕೆ ರಬ್ಬರ್ ಕೊಳವೆ ತೂರಿಸಿ ಟೇಪು ಸುತ್ತಬೇಕು. ಕೈಗೆ ಬಿಡುವಿಲ್ಲದಿದ್ದರೂ ಬಾಯಿಗೆ ಬಿಡುವಿರುತ್ತದೆ. ಹತ್ತೊಂಬತ್ತು ವರ್ಷಗಳಲ್ಲಿ ನಾವು ಮಾತಾಡದೆ ಬಿಟ್ಟ ವಿಷಯವೇ ಇರಲಿಲ್ಲ. ಆದರೆ ಆ ಸೋಮವಾರ ಅವಳು ಹೇಳಿದ್ದು ಹೊಸದು.

ಹಿಂದಿನ ದಿನ ಅವಳು ಮನೆಯವರ ಜೊತೆ ಮೆಹ್ದಿಯಾದ ಕಡಲ ದಂಡೆಗೆ ಹೋಗಿದ್ದಳು. ಅವಳ ಮನೆ ಇರುವುದೇ ಅಲ್ಲಿ, ದಂಡೆಯಿಂದ ಎರಡು ಬೀದಿ ಹಿಂದೆ. ಮದುವೆಯಾಗಿ ಬಂದ ಮೇಲೆ ಇಪ್ಪತ್ತೆರಡು ಬೇಸಿಗೆ ಕಳೆದಿದ್ದವು. ಅಷ್ಟು ಬೇಸಿಗೆಯೂ ಕೊಡೆಯ ಕೆಳಗೆ ಕೂತು ಕಲ್ಲಂಗಡಿ ಹೆಚ್ಚಿದ್ದಳು, ಪುದೀನ ಚಹಾ ಬಗ್ಗಿಸಿದ್ದಳು, ಎಲ್ಲರ ಚಪ್ಪಲಿ ಕಾದಿದ್ದಳು. ನೀರಿಗೆ ಇಳಿದರೂ ಮೊಣಕಾಲಿನ ತನಕ. ಆ ಭಾನುವಾರ, ಸೆಬೂ ನದಿ ಕಡಲು ಸೇರುವ ಅಳಿವೆಯಲ್ಲಿ, ಅರವತ್ತು ದಾಟಿದ ಹೆಂಗಸೊಬ್ಬಳು ತಲೆವಸ್ತ್ರ ಬಿಗಿಯಾಗಿ ಕಟ್ಟಿಕೊಂಡು, ಉದ್ದನೆಯ ಹಲಗೆಯ ಮೇಲೆ ನೆಟ್ಟಗೆ ನಿಂತು, ಹುಟ್ಟು ಹಾಕುತ್ತ ಹೋಗುವುದನ್ನು ಕಂಡಳು.

"ಅವಳು ಯಾರ ಕಡೆನೂ ನೋಡ್ತಿರಲಿಲ್ಲ ಮೀಲೂದಾ," ಅಂದಳು ನನಗೆ. "ಸುಮ್ನೆ ನಿಂತ್ಕೊಂಡು ಹೋಗ್ತಾ ಇದ್ಳು. ನಾನಿಲ್ಲಿ ಚಪ್ಪಲಿ ಕಾಯ್ತಾ ಇದ್ದೆ."

ನಾನು ನಕ್ಕೆ. ಅವಳು ನಗಲಿಲ್ಲ. ಆಗಲೇ ನನಗೆ ಅರ್ಥವಾಗಬೇಕಿತ್ತು.

ಅಳಿವೆಯ ಪಕ್ಕದಲ್ಲಿ ಲಾರ್ಬಿಯ ಶೆಡ್ಡು ಇದೆ. ಲಾರ್ಬಿ ಹಿಂದೆ ಮೀನಿನ ದೋಣಿಯಲ್ಲಿ ದುಡಿದವನು, ಈಗ ಹುಟ್ಟು ಹಾಕುವ ಹಲಗೆ, ಅಲೆಯ ಮೇಲೆ ಜಾರುವ ಹಲಗೆ ಎರಡನ್ನೂ ಬಾಡಿಗೆಗೆ ಕೊಡುತ್ತಾನೆ, ಕಲಿಸುತ್ತಾನೆ, ಅರವತ್ತು ಹತ್ತಿರ ಬಂದರೂ ದಿನಾ ಬೆಳಿಗ್ಗೆ ಅಲೆಗೆ ಇಳಿಯುತ್ತಾನೆ. ಬಹೀಜಾ ಅವನ ಮುಂದೆ ನಿಂತಾಗ ಅವನು ಕೇಳಿದ್ದು ಒಂದೇ, ಈಜು ಬರುತ್ತದೆಯೇ ಎಂದು. ಘರ್ಬ್ ಬಯಲಿನ ಹಳ್ಳಿಯಲ್ಲಿ ಹನ್ನೆರಡು ವರ್ಷದವರೆಗೆ ಅಣ್ಣಂದಿರ ಜೊತೆ ಕಾಲುವೆಯಲ್ಲಿ ಈಜಿದ್ದೆ, ಆಮೇಲೆ ಬಿಡಿಸಿದರು ಎಂದಳು. ಒಂದು ವಾರ ನದಿಯಲ್ಲಿ ಈಜಿಸಿ ಪರೀಕ್ಷೆ ಮಾಡಿ, ಆಮೇಲೆ ಅವನು ಹಲಗೆ ಕೊಟ್ಟ. ಬಾಡಿಗೆಗೆ ಬದಲು ಅವನ ಶೆಡ್ಡಿನಲ್ಲಿ ಹರಿದು ಬಿದ್ದಿದ್ದ, ನೀರಿಗೆ ಇಳಿಯುವಾಗ ತೊಡುವ ರಬ್ಬರ್ ಉಡುಪುಗಳನ್ನು ಅವಳು ಹೊಲಿದುಕೊಡಬೇಕೆಂದು ಮಾತಾಯಿತು. ಅವಳ ಕೈ ಅಂಥದು. ಅವಳು ಹಾಕಿದ ಹೊಲಿಗೆಯಲ್ಲಿ ನೀರು ನುಗ್ಗುವುದಿಲ್ಲ ಎಂದು ಅವನು ಊರೆಲ್ಲ ಹೇಳಿಕೊಂಡು ತಿರುಗಿದ.

ಕಷ್ಟವಿದ್ದದ್ದು ಹೊತ್ತು ಹೊಂದಿಸುವುದರಲ್ಲಿ. ನಮ್ಮ ಪಾಳಿ ವಾರವಾರವೂ ಬದಲಾಗುತ್ತದೆ: ಒಂದು ವಾರ ಬೆಳಗಿನದು, ಒಂದು ವಾರ ಮಧ್ಯಾಹ್ನದ್ದು, ಒಂದು ವಾರ ರಾತ್ರಿಯದು. ಕಡಲಿಗೆ ಅದರದ್ದೇ ಪಾಳಿ. ಉಬ್ಬರ ಇಳಿತ ದಿನಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ಹಿಂದೆ ಬೀಳುತ್ತವೆ. ಮಧ್ಯಾಹ್ನವಾಯಿತೆಂದರೆ ಬಡಗಣ ಗಾಳಿ ಎದ್ದು ಅಲೆಗಳನ್ನು ಚೂರುಚೂರು ಮಾಡುತ್ತದೆ. ಬಹೀಜಾ ಎರಡನ್ನೂ ಒಂದೇ ಕಾಗದದಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದಳು. ಬೆಳಗಿನ ಪಾಳಿಯ ವಾರ ಅಲೆ ಸಿಗುವುದಿಲ್ಲ, ಸಂಜೆ ಗಾಳಿ ಇಳಿದ ಮೇಲೆ ನದಿಯಲ್ಲಿ ಹುಟ್ಟು ಹಾಕುವುದು. ಮಧ್ಯಾಹ್ನದ ಪಾಳಿಯಾದರೆ ಬೆಳಿಗ್ಗೆ ಪೂರ್ತಿ ಅವಳದು, ಒಂದೂ ಕಾಲಿನ ಬಸ್ಸಿನ ತನಕ. ರಾತ್ರಿ ಪಾಳಿಯ ವಾರ ಬಸ್ಸಿಳಿದವಳೇ ನೇರ ಕಡಲಿಗೆ, ನಿದ್ದೆ ಆಮೇಲೆ.

ಹುಟ್ಟಿನ ಹಲಗೆಯ ಮೇಲೆ ಅವಳು ಹತ್ತು ದಿನದಲ್ಲಿ ನಿಂತಳು. ಅಲೆಯ ಹಲಗೆ ಮಾತ್ರ ಬಗ್ಗಲಿಲ್ಲ. ಒಂದು ಮೊಣಕಾಲು ಎತ್ತಿದರೆ ಹಲಗೆ ಜಾರುತ್ತಿತ್ತು, ಎರಡೂ ಎತ್ತಿದರೆ ಅವಳೇ ಜಾರುತ್ತಿದ್ದಳು. ಮೂಗಿನಲ್ಲಿ ಉಪ್ಪುನೀರು, ಮೊಣಕೈಯಲ್ಲಿ ಗಾಯ. ಕೆಲಸದಲ್ಲಿ ತಲೆ ಬಗ್ಗಿಸಿದರೆ ಮೂಗಿನಿಂದ ಕಡಲು ತೊಟ್ಟಿಕ್ಕಿ ತಂತಿಯ ಮೇಲೆ ಬೀಳುತ್ತಿತ್ತು. ಅವಳ ಅತ್ತೆ ತಾಮು ದಿನಾ ಬಾಗಿಲಲ್ಲಿ ಕೂತು, ಇಷ್ಟು ಹೊತ್ತು ನೀರಲ್ಲಿದ್ದು ಬಂದವಳು ಒಂದು ಮೀನಾದರೂ ತಂದಿದ್ದಾಳೆಯೇ ಎಂದು ಬೀದಿಯವರನ್ನೆಲ್ಲ ಕೇಳುತ್ತಿದ್ದಳು. ಗಂಡ ಅಲ್ಲಾಲ್ ಮೆಹ್ದಿಯಾಕ್ಕೂ ಕೆನಿತ್ರಾಕ್ಕೂ ನಡುವೆ ಟ್ಯಾಕ್ಸಿ ಓಡಿಸುವವನು. ಮಾತು ಕಡಿಮೆ. ಪ್ರಯಾಣಿಕರು ಅವನ ಹೆಂಡತಿಯ ಸುದ್ದಿ ಎತ್ತಿದರೆ ರೇಡಿಯೋ ದೊಡ್ಡದು ಮಾಡುತ್ತಿದ್ದನಂತೆ.

ಜುಲೈನ ಮೂರನೆಯ ವಾರ ಆ ಮಂಜಿನ ದಿನ ಬಂತು.

ಮಧ್ಯಾಹ್ನದ ಪಾಳಿಯ ವಾರ ಅದು. ಬೆಳಿಗ್ಗೆ ಎಂಟಕ್ಕೆ ಅವಳು ಹುಟ್ಟಿನ ಹಲಗೆ ತೆಗೆದುಕೊಂಡು ಅಳಿವೆಗೆ ಇಳಿದಳು. ಇಳಿತ ಶುರುವಾದ ಮೇಲೆ ಕಲ್ಲಿನ ತಡೆಗೋಡೆಯ ಆಚೆ ಹೋಗಕೂಡದೆಂದು ಲಾರ್ಬಿ ನೂರು ಸಲ ಹೇಳಿದ್ದ. ಇಳಿತ ಶುರುವಾಗಿದೆಯೆಂದು ಅವಳಿಗೆ ಗೊತ್ತಿತ್ತು. ಇನ್ನು ಹತ್ತೇ ನಿಮಿಷ ಅಂದುಕೊಂಡಳು. ತಪ್ಪು ನನ್ನದೇ ಎಂದು ಆಮೇಲೆ ಅವಳೇ ಹೇಳಿದಳು. ನದಿ ಅವಳನ್ನು ಎತ್ತಿಕೊಂಡು ಗೋಡೆಯಾಚೆ ಬಿಟ್ಟಿತು. ತಿರುಗಿ ನೋಡುವಷ್ಟರಲ್ಲಿ ಕಡಲ ಕಡೆಯಿಂದ ಮಂಜು ಬಂದು ಗೋಡೆ, ದಂಡೆ, ಮನೆಗಳು ಎಲ್ಲವನ್ನೂ ಮುಚ್ಚಿತು. ಹಲಗೆಯ ತುದಿಯೇ ಕಾಣದಂಥ ಮಂಜು.

ಮೊದಲು ಭಯದಲ್ಲಿ ತೋಚಿದ ದಿಕ್ಕಿಗೆ ಹುಟ್ಟು ಹಾಕಿದಳಂತೆ. ತೋಳು ಸೋತಾಗ ನಿಲ್ಲಿಸಿ, ಹಲಗೆಯ ಮೇಲೆ ಮಂಡಿಯೂರಿ ಕೂತಳು. ಕಣ್ಣಿಗೆ ಕೆಲಸವಿಲ್ಲದಿದ್ದಾಗ ಮೈಯನ್ನು ಕೇಳು ಎಂದು ಲಾರ್ಬಿ ಹೇಳಿಕೊಟ್ಟಿದ್ದ. ಉಬ್ಬುವ ನೀರು ಹಲಗೆಯನ್ನು ಎತ್ತಿ ಇಳಿಸುತ್ತಿತ್ತು. ಅದು ಎತ್ತ ಹೋಗುತ್ತದೋ ಅತ್ತ ನೆಲ. ನೀರು ಬೆನ್ನ ಹಿಂದಿನಿಂದ ಬರುವಂತೆ ಹಲಗೆ ತಿರುಗಿಸಿಕೊಂಡು, ಮಂಡಿಯ ಮೇಲೆಯೇ, ನಿಧಾನಕ್ಕೆ ಹುಟ್ಟು ಹಾಕಿದಳು. ಪ್ರತಿ ಇಪ್ಪತ್ತಕ್ಕೊಮ್ಮೆ ನಿಲ್ಲಿಸಿ ಕಿವಿಗೊಟ್ಟಳು. ಎಷ್ಟೋ ಹೊತ್ತಿನ ಮೇಲೆ ಅಲೆ ಒಡೆಯುವ ಸದ್ದು ಕೇಳಿತು. ನೊರೆಯಲ್ಲಿ ಹಲಗೆ ಮಗುಚಿ, ಅದನ್ನು ಅಪ್ಪಿಕೊಂಡು, ಮರಳಿಗೆ ಬಂದು ಬಿದ್ದಳು. ಎದ್ದು ನೋಡಿದರೆ ಸೀದಿ ಬೂಘಾಬಾ ಕೆರೆಯ ನೇರಕ್ಕಿರುವ ದಂಡೆ, ಮನೆಯಿಂದ ಮೂರು ಕಿಲೋಮೀಟರ್ ತೆಂಕಣಕ್ಕೆ. ಹಲಗೆ ತಲೆಯ ಮೇಲೆ ಹೊತ್ತು ಬರಿಗಾಲಲ್ಲಿ ನಡೆದಳು. ಶೆಡ್ಡು ಮುಟ್ಟುವಾಗ ಬಸ್ಸು ಹೋಗಿತ್ತು.

ಕಾರ್ಖಾನೆಯಲ್ಲಿ ಅಷ್ಟರಲ್ಲಿ ಅವಳ ಜಾಗ ಖಾಲಿ. ಹಲಗೆಗಳು ಯಾರಿಗೂ ಕಾಯುವುದಿಲ್ಲ. ಐವತ್ತು ನಿಮಿಷ ಅವಳ ತಂತಿಯನ್ನೂ ನನ್ನ ಕೊಳವೆಯನ್ನೂ ನಾನೇ ನೋಡಿಕೊಂಡೆ. ಬೆರಳ ತುದಿ ಸಿಪ್ಪೆ ಎದ್ದು ರಕ್ತ ಬಂತು. ಒದ್ದೆ ಕೂದಲಿನ ಮೇಲೆ ಟೋಪಿ ಹಾಕಿಕೊಂಡು ಅವಳು ಬಂದು ನಿಂತಾಗ ನಮ್ಮ ವಿಭಾಗದ ಮೇಲ್ವಿಚಾರಕಿ ಘೀತಾ, ನಮಗಿಂತ ಹದಿನೈದು ವರ್ಷ ಚಿಕ್ಕವಳು, ಎಚ್ಚರಿಕೆಯ ಚೀಟಿ ಬರೆದು ಕೈಗೆ ಕೊಟ್ಟಳು. ಹತ್ತೊಂಬತ್ತು ವರ್ಷದಲ್ಲಿ ಬಹೀಜಾಳಿಗೆ ಅದೇ ಮೊದಲನೆಯದು.

ನಾನೂ ಸುಮ್ಮನಿರಲಿಲ್ಲ. "ಈಜಾಡೋಳು ನೀನು, ಬೆರಳು ಸವೆಸೋಳು ನಾನಾ?" ಅಂದೆ.

ಅವಳು ನನ್ನ ಕೈ ತೆಗೆದುಕೊಂಡು ನೋಡಿದಳು. ಕ್ಷಮಿಸು ಅನ್ನಲಿಲ್ಲ. ಮಾರನೆಯ ದಿನದಿಂದ ಎರಡು ವಾರ, ಘೀತಾಳ ಒಪ್ಪಿಗೆ ಪಡೆದು, ನನ್ನ ಜಾಗಕ್ಕೆ ನಿಂತು ಕೊಳವೆ ತೂರಿಸಿದಳು. ಇಡೀ ಸಾಲಿನಲ್ಲಿ ಹೆಬ್ಬೆರಳು ಊದುವ ಕೆಲಸ ಅದೊಂದೇ. ನಾನು ಅವಳ ತಂತಿ ಹಾಸುತ್ತ ಆರಾಮವಾಗಿದ್ದೆ. ಊದಿದ ಹೆಬ್ಬೆರಳಿನಲ್ಲೇ ಅವಳು ಬೆಳಿಗ್ಗೆ ಕಡಲಿಗೆ ಹೋಗಿ ಬರುತ್ತಿದ್ದಳೆಂದು ನನಗೆ ತಿಳಿದದ್ದು ಲಾರ್ಬಿಯಿಂದ. ಆಮೇಲೆ ನನ್ನ ಕೋಪ ಎಲ್ಲಿ ಹೋಯಿತೋ.

ಮನೆಯಲ್ಲಿ ಅಷ್ಟು ಸುಲಭವಾಗಲಿಲ್ಲ. ಮಂಜಿನ ಸುದ್ದಿ ಕೇಳಿ ಅಲ್ಲಾಲ್ ಬಾಗಿಲಿನ ಕಾಗದ ಕಿತ್ತು ಮಡಚಿ ಜೇಬಿಗೆ ಹಾಕಿಕೊಂಡ. ಅವಳು ಇನ್ನೊಂದು ಬರೆದು ಅಂಟಿಸಿದಳು. ಅವನು ಅದನ್ನು ಕೀಳಲಿಲ್ಲ. ಆದರೆ ಅಂದಿನಿಂದ ಅವಳು ನೀರಿನಲ್ಲಿದ್ದಷ್ಟು ಹೊತ್ತು ಅವನ ಟ್ಯಾಕ್ಸಿ ದಂಡೆಯ ರಸ್ತೆಯಲ್ಲಿ ನಿಂತಿರುವುದನ್ನು ಎಷ್ಟೋ ಜನ ನೋಡಿದರು. ಸಿಟ್ಟಿಗೋ ಕಾವಲಿಗೋ ಅವನೇ ಹೇಳಬೇಕು.

ಆಗಸ್ಟಿನಲ್ಲಿ ಕಾರ್ಖಾನೆಯವರು ಹೊಸ ಏರ್ಪಾಡು ತಂದರು. ಪಾಳಿ ಇನ್ನು ತಿರುಗುವುದಿಲ್ಲ, ಪ್ರತಿಯೊಬ್ಬರಿಗೂ ಒಂದೇ ಪಾಳಿ ಕಾಯಂ, ಯಾರಿಗೆ ಯಾವುದು ಬೇಕೋ ಬರೆದುಕೊಡಿ ಎಂದರು. ಎಲ್ಲರೂ ಬೆಳಗಿನದಕ್ಕೆ ಮುಗಿಬಿದ್ದೆವು. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರ ಪಾಳಿ ಸಂಸಾರಸ್ಥರಿಗೆ ಬೇಡವಾದದ್ದು. ಮನೆಯವರ ಮುಖ ಕಾಣುವುದಿಲ್ಲ. ಬಹೀಜಾ ಅದನ್ನೇ ಬರೆದಳು.

ಘೀತಾ ಅವಳನ್ನು ಕರೆದಳು. ನಾನೂ ಜೊತೆಗಿದ್ದೆ. ಬೆಳಗಿನ ಪಾಳಿಗೆ ಸಾಲಿನ ಮುಖ್ಯಸ್ಥೆ ಬೇಕಾಗಿದ್ದಾಳೆ, ನಿಂತು ದುಡಿಯುವುದು ತಪ್ಪುತ್ತದೆ, ಇಡೀ ಸಾಲಿಗೆ ನಿನ್ನಷ್ಟು ಕೆಲಸ ಗೊತ್ತಿರುವವರಿಲ್ಲ, ಆ ಚೀಟಿಯನ್ನು ನಾನು ಮರೆಯುತ್ತೇನೆ ಎಂದಳು. ಅದಕ್ಕಾಗಿ ಬಹೀಜಾ ಆರು ವರ್ಷ ಕಾದಿದ್ದಳು. ನನಗೆ ಗೊತ್ತು, ಪಕ್ಕದಲ್ಲಿ ನಿಂತು ದಿನಾ ಕೇಳಿದ್ದೇನೆ.

"ಮಧ್ಯಾಹ್ನದ ಪಾಳೀಲಿ ಆ ಕೆಲಸ ಇದ್ರೆ ಕೊಡಮ್ಮ," ಎಂದಳು ಬಹೀಜಾ.

"ಅಲ್ಲಿ ಆಗ್ಲೇ ಒಬ್ರಿದಾರೆ ಅಕ್ಕ. ಬೆಳಿಗ್ಗೆದೇ ಇರೋದು."

"ಹಾಗಾದ್ರೆ ಮೀಲೂದಾಗೆ ಕೊಡು. ಅವಳಿಗೆ ಎರಡು ಜಾಗದ ಕೆಲಸಾನೂ ಬರುತ್ತೆ, ನೀನೇ ನೋಡಿದೀಯಲ್ಲ."

ಘೀತಾ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಬೇಡ ಅನ್ನಬೇಕಿತ್ತೋ ಏನೋ. ಅನ್ನಲಿಲ್ಲ.

ಅಂದು ಮನೆಯಲ್ಲಿ ನಡೆದದ್ದನ್ನು ಅವಳು ಮಾರನೆಯ ದಿನ ನನಗೆ ಹೇಳಿದಳು. ಅತ್ತೆ ಮೊದಲ ಸಲ ಮೀನಿನ ಮಾತು ಬಿಟ್ಟು ಅತ್ತಳಂತೆ: ಸಿಕ್ಕ ಕೆಲಸ ಒದ್ದವಳು, ನನ್ನ ಮಗ ರಾತ್ರಿ ಹೆಂಡತಿಯಿಲ್ಲದೆ ಉಣ್ಣಬೇಕು, ಎಲ್ಲ ಒಂದು ಹಲಗೆಗಾಗಿ. ಅಲ್ಲಾಲ್ ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿ, "ನಿಂಗೆ ಅದ್ರಲ್ಲಿ ಅಂಥದ್ದೇನು ಸಿಗುತ್ತೆ, ಹೇಳು," ಎಂದು ಕೇಳಿದ.

"ಹತ್ತೊಂಬತ್ತು ವರ್ಷ ಎಲ್ಲರ ಹೊತ್ತಿಗೆ ನಾನು ಹೊಂದ್ಕೊಂಡೆ," ಎಂದಳು ಅವಳು. "ಕಾರ್ಖಾನೆ, ಒಲೆ, ನಿನ್ನ ಊಟ, ಅತ್ತೆ ಮಾತ್ರೆ. ನಾನು ಯಾವುದನ್ನೂ ಬಿಟ್ಟಿಲ್ಲ, ಬಿಡೋದೂ ಇಲ್ಲ. ದಿನಕ್ಕೆ ಎರಡು ಗಂಟೆ ನನ್ನದು. ಅದನ್ನ ಯಾರ ಹತ್ರಾನೂ ಕೇಳಿ ತಗೊಳ್ಳೋಕೆ ಆಗಲ್ಲ ಅಲ್ಲಾಲ್. ನೀನು ಒಪ್ಪಿದ್ರೆ ಖುಷಿಯಿಂದ ಹೋಗ್ತೀನಿ. ಒಪ್ಪದಿದ್ರೂ ಹೋಗ್ತೀನಿ."

ಅವನು ರೊಟ್ಟಿ ಮುಗಿಸಿ ಎದ್ದ. ಮೂರನೆಯ ದಿನ ನಡುಹಗಲು ಹನ್ನೆರಡಕ್ಕೆ ಟ್ಯಾಕ್ಸಿ ಮನೆ ಮುಂದೆ ನಿಲ್ಲಿಸಿ ಒಳಗೆ ಬಂದು ಕೂತ. ಅಷ್ಟು ವರ್ಷವೂ ಅವನು ಮಧ್ಯಾಹ್ನ ಟ್ಯಾಕ್ಸಿ ನಿಲ್ದಾಣದಲ್ಲೇ ಹುರಿದ ಸಾರ್ಡೀನ್ ತಿಂದು ಮುಗಿಸುತ್ತಿದ್ದವನು. ಇನ್ನು ಮೇಲೆ ದೊಡ್ಡ ಊಟ ಮಧ್ಯಾಹ್ನವೇ ಮಾಡೋಣ, ರಾತ್ರಿಗೆ ಅಮ್ಮನಿಗೂ ನನಗೂ ಸಾರು ಸಾಕು, ಬಿಸಿ ಮಾಡಿಕೊಳ್ಳಲು ನನಗೆ ಬರುತ್ತದೆ ಎಂದ. ಹೇಳಿ, ಊಟ ಎಲ್ಲಿ ಎಂದು ಕೇಳಿದ. ಅಂದು ಮಾಡಿದ್ದು ಬರೀ ಬೇಳೆ. ಮೂವರೂ ಒಂದೇ ತಟ್ಟೆಯಿಂದ ತಿಂದರು. ತಾಮು ಉಪ್ಪು ಕಡಿಮೆ ಎಂದಳು.

ಅವಳು ಅಲೆಯ ಮೇಲೆ ನಿಂತದ್ದು ಆಗಸ್ಟ್ ಇಪ್ಪತ್ತಾರರ ಬೆಳಿಗ್ಗೆ. ನಾನು ನೋಡಿದೆ, ಅಂದು ನನಗೆ ರಜೆ. ಸಣ್ಣ ಅಲೆ, ಒಡೆದು ಬರುವ ನೊರೆಯಷ್ಟೇ. ಪಕ್ಕದಲ್ಲಿ ಎದೆಮಟ್ಟ ನೀರಿನಲ್ಲಿ ನಿಂತಿದ್ದ ಲಾರ್ಬಿ ಹಲಗೆ ಹಿಡಿಯಲಿಲ್ಲ, ಸುಮ್ಮನೆ ಕೈ ಕಟ್ಟಿಕೊಂಡಿದ್ದ. ಅವಳು ಅಂಗೈ ಊರಿ ಎದ್ದಳು, ಎಡಗಾಲು ಮುಂದೆ ಬಂತು, ಹಲಗೆ ವಾಲಿತು, ಅವಳು ಬೀಳಲಿಲ್ಲ. ನಾಲ್ಕು ಉಸಿರು ಎಳೆಯುವಷ್ಟು ಹೊತ್ತು ಅವಳು ದಡದ ಕಡೆಗೆ ನಿಂತುಕೊಂಡೇ ಬಂದಳು. ಮುಖದಲ್ಲಿ ನಗುವಿರಲಿಲ್ಲ, ಕಾರ್ಖಾನೆಯಲ್ಲಿ ಕಷ್ಟದ ತಂತಿಯನ್ನು ಹಲಗೆಯ ಮೊಳೆಗೆ ಸಿಕ್ಕಿಸುವಾಗ ಇರುತ್ತಿತ್ತಲ್ಲ, ಅದೇ ಮುಖ. ಆಮೇಲೆ ಪಕ್ಕಕ್ಕೆ ಬಿದ್ದಳು. ಎದ್ದು ಹಲಗೆ ಹಿಡಿದುಕೊಂಡು ನಮ್ಮ ಕಡೆ ನೋಡದೆ ಮತ್ತೆ ಒಳಗೆ ಹೊರಟಳು.

ಈಗ ನಾನು ಬೆಳಗಿನ ಪಾಳಿಯ ಸಾಲಿಗೆ ಮುಖ್ಯಸ್ಥೆ. ಮಧ್ಯಾಹ್ನ ನಾನು ಹೊರಬರುವಾಗ ಅವಳು ಒಳಗೆ ಹೋಗುತ್ತಾಳೆ. ಗೇಟಿನಲ್ಲಿ ಒಂದೆರಡು ಮಾತು. ಪಕ್ಕದಲ್ಲಿ ಅವಳಿಲ್ಲದ ಹೊತ್ತು ಉದ್ದವಾಗಿದೆ, ಅದನ್ನು ಅವಳಿಗೆ ಹೇಳಿದ್ದೇನೆ. ಅದಕ್ಕೇ ರಜೆಯ ದಿನ ಮೆಹ್ದಿಯಾಕ್ಕೆ ಹೋಗಿ ದಂಡೆಯಲ್ಲಿ ಕೂರುತ್ತೇನೆ. ಹೋದ ಭಾನುವಾರ ನೀರು ತಣ್ಣಗಾಗಿತ್ತು, ಅಲೆ ಬೇಸಿಗೆಗಿಂತ ದೊಡ್ಡದಿತ್ತು. ಒಂಬತ್ತೂವರೆಗೆ ಇಳಿದವಳು ಗಲ್ಲ ತರಚಿಕೊಂಡು ಹೊರಬಂದಳು. ರಕ್ತ ಒರೆಸಿ, ಹಲಗೆ ಕಂಕುಳಲ್ಲಿ ಇಟ್ಟುಕೊಂಡೇ ಗಂಟೆ ಎಷ್ಟೆಂದು ಕೇಳಿದಳು. ಹನ್ನೊಂದು ಅಂದೆ.

"ಇನ್ನೂ ಅರ್ಧ ಗಂಟೆ ಇದೆ," ಎಂದು ಹೇಳಿ ಮತ್ತೆ ನೀರಿಗೆ ಇಳಿದಳು.