ಒಡೆಯದ ರೊಟ್ಟಿ

"ವಿಷಾನ ಹಾಕಿ ಕೊಡು, ಒಂದ ಸಲಾ ಸತ್ತ ಹೋಗ್ತೇನಿ. ಹಿಂಗ ದಿನಾ ಚೂರ ಚೂರ ಯಾಕ ಕೊಲ್ಲತಿ?" ಎಂದು ರಕ್ತ ತಪಾಸಣೆಯ ವರದಿಯನ್ನು ಹೆಂಡತಿಯ ಮುಂದೆ ಎಸೆದೆ.

ಶಾಂಭವಿ ಕೆಲಸಕ್ಕೆ ಹೊರಟು ನಿಂತಿದ್ದಳು. ಕಾಗದ ಎತ್ತಿಕೊಳ್ಳಲಿಲ್ಲ. "ನಾ ಏನ ಮಾಡೇನ್ರಿ?"

"ಡಾಕ್ಟರ್ ನನ್ನ ಕಳ್ಳನ್ನ ಮಾಡ್ಯಾನ. 'ನೀಲಕಂಠಪ್ಪನವರ, ಕದ್ದ ಚಪಾತಿ ತಿನ್ನಾಕತ್ತೀರಿ' ಅಂತ ನಾಕ ಮಂದಿ ಮುಂದ ಅಂದಾನ. ಐವತ್ತೆರಡ ವರ್ಷದ ಗಂಡಸ ನಾ."

ಕಾಯಿಲೆಯ ಹೆಸರು ತಿಳಿದು ಏಳು ತಿಂಗಳಾಗಿತ್ತು. ಸೀಲಿಯಾಕ್. ಗೋಧಿ ಹೊಟ್ಟೆಗೆ ಹೋದರೆ ಕರುಳು ಸವೆಯುತ್ತದೆ, ಔಷಧವಿಲ್ಲ, ಗೋಧಿ ಬಿಡುವುದೊಂದೇ ದಾರಿ. ಬಿಟ್ಟೆ. ಚಪಾತಿ, ಉಪ್ಪಿಟ್ಟು, ಶಾವಿಗೆ, ಬಿಸ್ಕಿಟ್ ಎಲ್ಲ ಬಿಟ್ಟೆ. ಮಠದಲ್ಲಿ ಗೋಧಿ ಹುಗ್ಗಿ ಬೇಡವೆಂದಾಗ ಬಡಿಸುವವನು "ಪ್ರಸಾದಕ್ಕ ಒಲ್ಲೆ ಅಂತಾರೇನ್ರಿ?" ಎಂದ. ಅವನ ಜೊತೆ ಜಗಳವಾಡಿ ಪಂಕ್ತಿಯಿಂದ ಎದ್ದು ಬಂದೆ. ಮೂರು ಹೊತ್ತೂ ಜೋಳದ ರೊಟ್ಟಿಯನ್ನೇ ಉಂಡೆ. ಆದರೂ ಭೇದಿ ನಿಲ್ಲಲಿಲ್ಲ. ಗೋಕುಲ ರಸ್ತೆಯ ನನ್ನ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಗೇಟು ಎತ್ತಲು ಹೋಗಿ ಗಿರಾಕಿಯ ಎದುರೇ ಕುಸಿದು ಕೂತಿದ್ದೆ. ಬೈಯಲು ಯಾರಾದರೂ ಬೇಕಿತ್ತು. ಶಾಂಭವಿ ಇದ್ದಳು.

ಅವಳು ಹೊಸ ಹಂಚು ತಂದಿದ್ದಳು. ಜೋಳವನ್ನು ತಾನೇ ತೊಳೆದು ಒಣಗಿಸಿ, ಬೇರೆಯವರ ಗೋಧಿ ಬೀಳುವ ಮೊದಲು ಗಿರಣಿ ಬಾಗಿಲಲ್ಲಿ ನಿಂತು ಬೀಸಿಸುತ್ತಿದ್ದಳು. ನಾನು ಮಾತ್ರ ಪ್ರತಿ ವರದಿ ಬಂದಾಗಲೂ "ಎಲ್ಲಿ ಬೆರೆಸಿದಿ ಹೇಳು" ಎನ್ನುತ್ತಿದ್ದೆ. ಎರಡು ಸಲ ತಾಟು ಎಸೆದೆ. ಒಂದು ಅವಳ ಮೊಣಕಾಲಿಗೆ ಬಡಿಯಿತು.

"ಹಿಟ್ಟ ತರೂದು ನಂದು. ರೊಟ್ಟಿ ಬಡಿಯೂದು ನಂದಲ್ಲ," ಎಂದಳು ಈಗ. "ಅಕ್ಕಾರನ್ನ ಯಾಕ ಕೇಳೂದಿಲ್ಲ ನೀವು?"

ಶಿವಬಸವ್ವ ನನ್ನ ಅಕ್ಕ. ಗಂಡ ತೀರಿದ ಮೇಲೆ ನಮ್ಮ ಮನೆಯಲ್ಲೇ ಇದ್ದಾಳೆ. ಹಾಳೆಯಂಥ ರೊಟ್ಟಿ ಬಡಿಯುವುದರಲ್ಲಿ ಬೈರಿದೇವರಕೊಪ್ಪದ ನಮ್ಮ ಓಣಿಯಲ್ಲಿ ಅವಳನ್ನು ಮೀರಿಸಿದವರಿಲ್ಲ.

"ಅಕ್ಕನ ಹೆಸರ ತಗದ್ರ ನಾಲಿಗಿ ಸೀಳ್ತೇನಿ," ಎಂದೆ.

ಅಕ್ಕ ಅಡುಗೆಮನೆಯಿಂದಲೇ ಹೇಳಿದಳು: "ಕೇಳಲಿ ಬಿಡು, ನಾ ಏನ ಕದ್ದ ಮಾಡೇನಿ? ಹ್ವಾದ ವರ್ಷದ ಜ್ವಾಳ ಇದು, ಜಿಗಿನ ಇಲ್ಲ. ಬಡಿಯಾಕ ಹೋದ್ರ ಅಂಚ ಒಡೀತೈತಿ. ನನ್ನ ಚಪಾತಿ ಹಿಟ್ಟಿನ ಡಬ್ಬ್ಯಾಗಿಂದ ಒಂದ ಮುಟಗಿ ಹಾಕ್ತೇನಿ. ಒಂದ ಮುಟಗಿಗೆ ಏನಾಗ್ತೈತಿ? ನನ್ನ ರೊಟ್ಟಿ ಒಡದದ್ದ ಇವತ್ತಿನ ತನಕ ಯಾರೂ ನೋಡಿಲ್ಲ."

ರೊಟ್ಟಿ ಬಡಿಯುವ ಸದ್ದು ನಿಲ್ಲಲಿಲ್ಲ.

ಅಡುಗೆಮನೆ ಬಾಗಿಲಿಗೆ ಹೋದೆ. ಅಕ್ಕನ ಮೊಣಕೈತನಕ ಹಿಟ್ಟು. ನನ್ನ ಆರನೇ ವಯಸ್ಸಿಗೆ ತಾಯಿ ಹೋದ ಮೇಲೆ ಉಣಿಸಿ ಬೆಳೆಸಿದವಳು ಅವಳು. ಬೈಗುಳ ಬಾಯಿತನಕ ಬಂದು ಅಲ್ಲೇ ನಿಂತಿತು.

"ಇರ್ಲಿ ಬಿಡಕ್ಕಾ. ನಿನಗ ತಿಳೀಲಿಲ್ಲ. ಇನ್ನ ಮ್ಯಾಲೆ ಹಾಕಬ್ಯಾಡ."

"ಒಡದ ರೊಟ್ಟಿ ಉಣ್ಣು ಹಂಗಾರ."

ಹಿಂದಿನಿಂದ ಶಾಂಭವಿ ಕೇಳಿದಳು: "ಇಷ್ಟನ?"

"ಮತ್ತೇನ ಮಾಡ್ಲಿ? ಹಿರ್ಯಾಕಿ. ಹೊಡೀಲೇನು?"

"ಹೊಡೀಬ್ಯಾಡ್ರಿ. ಏಳ ತಿಂಗಳ ನನಗ ಅಂದದ್ದರಾಗ ಒಂದ ಮಾತ ಅವರಿಗೆ ಅನ್ರಿ. ಒಂದ."

ನನಗೆ ಮತ್ತೆ ಸಿಟ್ಟು ಬಂತು, ಅದೂ ಅವಳ ಮೇಲೆಯೇ. "ಕಾರಣ ಸಿಕ್ತಲ್ಲಾ ಈಗ? ತಲಿ ತಿನಬ್ಯಾಡ. ಬಸ್ಸಿಗೆ ಹೊತ್ತಾತು, ನಡಿ."

ಅವಳಿಗೆ ಧಾರವಾಡದಾಚೆಯ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಒಳಗೆ ಹೋದಳು. ಕಪಾಟಿನ ಬಾಗಿಲು ತೆಗೆದ ಸದ್ದಾಯಿತು. ಹೊರಬಂದಾಗ ಕೈಯಲ್ಲಿದ್ದದ್ದು ಡಬ್ಬಿಯ ಚೀಲವಲ್ಲ, ಊರಿಗೆ ಹೋಗುವಾಗ ಒಯ್ಯುವ ದೊಡ್ಡ ಬ್ಯಾಗು.

"ಎಲ್ಲಿಗೆ?"

ಅವಳು ಚಪ್ಪಲಿ ಮೆಟ್ಟಿ, ನೆಲದ ಮೇಲಿದ್ದ ವರದಿಯನ್ನು ದಾಟಿಕೊಂಡು ಹೋದಳು.

"ಸಂಜಿಗೆ ಬರ್ತಾಳ ತಗೋ," ಎಂದಳು ಅಕ್ಕ.

ಸಂಜೆ ಬರಲಿಲ್ಲ. ಮೂರನೆಯ ದಿನ ಕಾರ್ಖಾನೆಯ ಗೇಟಿಗೆ ಹೋಗಿ ನಿಂತೆ. ಪಾಳಿ ಬಿಟ್ಟಾಗ ಗೆಳತಿಯರ ನಡುವೆ ಬಂದಳು, ನನ್ನನ್ನು ನೋಡಿದಳು, ನಮ್ಮ ಮನೆ ಕಡೆಯ ಬಸ್ಸು ಬಿಟ್ಟು ಧಾರವಾಡದ ಬಸ್ಸು ಹತ್ತಿದಳು.