ಮಾಸ್ತರರು ಬರೆದ ನಾಗಮ್ಮ

ತೊಗರಿ ಕೊಯ್ಯುತ್ತಿದ್ದ ಸುಭದ್ರಾಬಾಯಿಗೆ ಹಾವು ಕಚ್ಚಿತೆಂಬ ಸುದ್ದಿ ಮುಟ್ಟಿದೊಡನೆ ಶಾಂತಲಿಂಗಪ್ಪ ಮಾಸ್ತರರು ಲಾಡ್ಲೆಸಾಬನ ಜೀಪು ಹೊರಡಿಸಿಕೊಂಡು ಹೊಲಕ್ಕೆ ಧಾವಿಸಿದರು. ಅಲ್ಲಿ ಅರ್ಧ ಕೊಯ್ದ ಸಾಲುಗಳ ಹೊರತು ಯಾರೂ ಇರಲಿಲ್ಲ. ಜೇವರಗಿಯ ದವಾಖಾನೆ ಅರ್ಧ ತಾಸಿನ ಹಾದಿ. ಜನರು ಆಕೆಯನ್ನು ಹೊತ್ತೊಯ್ದದ್ದು ಮಾತ್ರ ಊರ ಮುಂದಿನ ಹುಣಸೆಮರದಡಿಯ ನಾಗಮ್ಮನ ಕಟ್ಟೆಗೆ.

ಆ ನಾಗಮ್ಮನನ್ನು ಹುಟ್ಟಿಸಿದವರು ಸ್ವತಃ ಮಾಸ್ತರರೇ. ಇಪ್ಪತ್ತೆರಡು ವರ್ಷಗಳ ಹಿಂದೆ, ರಸ್ತೆ ಅಗಲಿಸಲೆಂದು ಆ ಮರವನ್ನು ಕಡಿಯಬಂದಾಗ, ಬರೆದ ಅರ್ಜಿಗಳೆಲ್ಲ ವ್ಯರ್ಥವಾದ ಮೇಲೆ, ಅವರು ಎಂಟು ಪುಟದ ಪುರಾಣವೊಂದನ್ನು ರಚಿಸಿ ಆಳಂದದಲ್ಲಿ ಅಚ್ಚು ಹಾಕಿಸಿದ್ದರು: ಹಾವು ಕಡಿದ ತಮ್ಮನನ್ನು ಅಕ್ಕನೊಬ್ಬಳು ಈ ಮರದಡಿ ಮಲಗಿಸಿ ನಾಗಮ್ಮನ ಕೃಪೆಯಿಂದ ಬದುಕಿಸಿಕೊಂಡಳೆಂದು. ರಸ್ತೆ ಬಾಗಿತು, ಮರ ಉಳಿಯಿತು. ವಚನಗಳನ್ನು ಹಾಡಿ ಬೆಳೆದ ತಾವು ಕಟ್ಟುಕಥೆ ಹೆಣೆದೆವಲ್ಲ ಎಂಬ ಮಾಸ್ತರರ ಅಳುಕನ್ನು ಆ ಮರದ ನೆರಳೇ ತಣಿಸಿತ್ತು. ಮುಂದೆ ವಿಷವಿಲ್ಲದ ಹಾವು ಕಡಿದ ನಾಲ್ಕಾರು ಜನ ಅಲ್ಲಿ ಎದ್ದು ಕುಳಿತರು; ಪುಸ್ತಕ ಓದಿ ಮುಗಿಯುವತನಕ ಕಡಿಸಿಕೊಂಡವರನ್ನು ಎತ್ತಬಾರದೆಂಬ ನೇಮ ತಾನಾಗಿ ಬೆಳೆಯಿತು.

ಮಾಸ್ತರರು ತಲುಪಿದಾಗ ಕಟ್ಟೆಯ ಮೇಲೆ ಗಂಡ ಸಿದ್ದಲಿಂಗನ ತೊಡೆಯಲ್ಲಿ ತಲೆಯಿಟ್ಟು ಸುಭದ್ರಾಬಾಯಿ ಮಲಗಿದ್ದಳು.

"ಎತ್ತಪಾ ಸಿದ್ದಲಿಂಗ, ಜೀಪ್ ನಿಂತದ. ಈ ಕಥಿ ನಾನೇ ಕಟ್ಟಿದ್ದು. ನಾಗಮ್ಮ ಅನ್ನಾಕಿ ಇಲ್ಲವೇ ಇಲ್ಲ."

"ಇಂಥಾ ವ್ಯಾಳ್ಯಾದಾಗ ಹಂಗ ಅನಬ್ಯಾಡ್ರಿ ಸರ. ನಮ್ಮಜ್ಜನೂ ಇದೇ ಕಥಿ ಹೇಳ್ತಿದ್ದ."

"ನಿಮ್ಮಜ್ಜಗ ಓದಿ ಹೇಳಿದವ ನಾನೇ ಅಲ್ಲೇನೋ."

ಕಟ್ಟೆ ಸಾರಿಸುವ ಮುದುಕಿ ಚಂದಮ್ಮ ನಕ್ಕಳು. "ಕಟ್ಟಿದವರು ನೀವೇ ಇರ್ರಿ ಮಾಸ್ತರ, ಕಟ್ಟಸಿದಾಕಿ ಯಾರು? ಬಾವಿ ತೋಡಿದವ ನೀರೂ ನಾನೇ ಮಾಡೇನಿ ಅಂದಂಗಾತು."

ಸತ್ಯ ನಡೆಯದಾದಾಗ ಮಾಸ್ತರರು ಇನ್ನೊಂದು ಸುಳ್ಳಿಗೆ ಕೈಯೊಡ್ಡಿದರು. "ನಿನ್ನೆ ಆಕಿ ನನ್ನ ಕನಸಿನಾಗ ಬಂದಿದ್ಲು. ಇನ್ಮ್ಯಾಗ ದವಾಖಾನಿಗೆ ಒಯ್ರಿ ಅಂದ್ಲು."

"ಈಗಷ್ಟ ಆಕಿ ಇಲ್ಲವೇ ಇಲ್ಲ ಅಂದ್ರಿ," ಎಂದಳು ಚಂದಮ್ಮ.

ಲಾಡ್ಲೆಸಾಬ ಮಾಸ್ತರರ ಕಿವಿಯಲ್ಲಿ ಪಿಸುಗುಟ್ಟಿದ: "ಇವರು ಎತ್ತೂದಿಲ್ಲ ಸರ. ಲಗೂನ ಓದಿ ಮುಗಸ್ರಿ, ಗಾಡಿ ಚಾಲೂ ಇಟ್ಟಿರ್ತೇನಿ."

"ಹೌದ್ರಿ ಸರ," ಎಂದ ಅದು ಕೇಳಿಸಿದ ಸಿದ್ದಲಿಂಗ, ಕೈಜೋಡಿಸಿ. "ಓದಿದ ಮ್ಯಾಲ ನೀವು ಅಂದಲ್ಲಿ ಒಯ್ಯೋಣು."

ಚಂದಮ್ಮ ಅರಿಶಿನದ ಬಟ್ಟೆ ಬಿಚ್ಚಿ ಪುಸ್ತಕ ಕೊಟ್ಟಳು. ಮಾಸ್ತರರು ಓದತೊಡಗಿದರು. ಒಂದೊಂದು ವಾಕ್ಯವೂ ಐದೈದು ಸಾಲು. ಸಮಾಸದ ಮೇಲೆ ಸಮಾಸ. ಹೀಗೆ ಬರೆಯಬಲ್ಲವರು ಮೂರು ತಾಲೂಕಿನಲ್ಲಿ ಇನ್ನೊಬ್ಬರಿಲ್ಲವೆಂದು ಅಂದು ಬೀಗಿದ್ದರು. ಈಗ ಕ್ರಿಯಾಪದ ಬರುವಷ್ಟರಲ್ಲಿ ಉಸಿರು ಕಟ್ಟುತ್ತಿತ್ತು. ಸುಭದ್ರಾಬಾಯಿಯ ರೆಪ್ಪೆಗಳು ಜೋಲತೊಡಗಿದ್ದವು. ಏನೋ ಹೇಳಹೋದ ಆಕೆಯ ನಾಲಿಗೆ ತೊದಲಿತು. ಮಾಸ್ತರರು ಎರಡನೆಯ ಪುಟದಿಂದ ಒಮ್ಮೆಲೇ ಏಳನೆಯ ಪುಟಕ್ಕೆ ಹಾರಿದರು.

ಕುಳಿತಿದ್ದ ಹೆಂಗಸರೆಲ್ಲ ತಲೆಯೆತ್ತಿದರು. ಅವರಿಗೆ ಅಕ್ಷರ ಬಾರದಿದ್ದರೂ ಪುಸ್ತಕ ಬಾಯಿಪಾಠವಾಗಿತ್ತು.

"ಅಕ್ಕ ಭೀಮಾ ಹೊಳಿ ದಾಟೂದು ಬಿಟ್ರಿ ಮಾಸ್ತರ," ಎಂದಳು ಚಂದಮ್ಮ, ಮೃದುವಾಗಿ. "ಕಡಿಮಿ ಓದಿದ್ರ ನೇಮ ಮುರಿತದ. ಮೊದಲಿಂದ ಓದ್ರಿ."

ಮಾಸ್ತರರು ಸಿದ್ದಲಿಂಗನ ಮುಖ ನೋಡಿದರು. ಅವನು ಹೆಂಡತಿಯ ತಲೆಯನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡು, ಓದಿರಿ ಎಂದು ಕಣ್ಣಲ್ಲೇ ಬೇಡಿಕೊಂಡ.

ಅವರು ಮೊದಲ ಪುಟ ತೆರೆದರು.